ಸಾಕ್ಷಿಯಮ್ಮ ಮತ್ತು ಐದು ಜನರ ಪಿತೂರಿ

ಒಳ್ಳೆಯ ಕಥೆ ಕೇಳಿದರೆ ಎಲ್ಲರ ಮುಖ ಅರಳುತ್ತದೆ. ಸಾಕ್ಷಿಯಮ್ಮನ ಹುಬ್ಬು ಮಾತ್ರ ಗಂಟಿಕ್ಕುತ್ತಿತ್ತು. ಹೇಳುವವನು ಕೊನೆಯ ಮಾತು ಮುಗಿಸಿ ಮೆಚ್ಚುಗೆಗೆ ಕಾಯುತ್ತಿರುವಾಗ, ಅವರು ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿನಿಂದ ಅವನನ್ನು ಒಮ್ಮೆ ನೋಡಿ, ಮೆಲ್ಲಗೆ ಹೇಳುತ್ತಿದ್ದರು: "ಚೆನ್ನಾಗಿದೆ. ಅದಕ್ಕೇ ಅನುಮಾನ."

ನಾನು ಕೆಲಸಕ್ಕೆ ಸೇರಿದ ಪ್ರಕಾಶನದಲ್ಲಿ ಅವರು ಪ್ರಧಾನ ಸಂಪಾದಕಿ. ಎದುರಿಗೆ ಎಲ್ಲರಿಗೂ ಮೇಡಂ, ಬೆನ್ನ ಹಿಂದೆ ಸಾಕ್ಷಿಯಮ್ಮ. ಹಾಲಿನವನು ನೀರು ಬೆರೆಸುತ್ತಾನಂತೆ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, "ನೀನು ನೋಡಿದ್ಯಾ, ಕೇಳಿದ್ಯಾ?" ಎಂಬ ಪ್ರಶ್ನೆ ಸಿದ್ಧವಾಗಿರುತ್ತಿತ್ತು. ವರ್ಷಗಟ್ಟಲೆ ದಪ್ಪ ಸಂಪುಟಗಳನ್ನು ಹೊತ್ತು ಅವರ ಬಲ ಭುಜ ಇಳಿದಿತ್ತು. ನಡೆಯುವಾಗ ಯಾರದೋ ಮಾತಿಗೆ ಕಿವಿಗೊಟ್ಟವರಂತೆ ಒಂದು ಕಡೆಗೆ ವಾಲಿರುತ್ತಿದ್ದರು. ತೀರಿಕೊಂಡ ಗಂಡನ ಕಪ್ಪು ಕೋಟನ್ನು ಸೆಕೆಯಲ್ಲೂ ಬಿಡದೆ ತೊಡುತ್ತಿದ್ದರು, ಅದರ ಉದ್ದ ತೋಳಿನಿಂದ ಬೆರಳ ತುದಿಗಳಷ್ಟೇ ಇಣುಕುತ್ತಿದ್ದವು. ತೆರೆದ ಬಾಗಿಲನ್ನೂ ತಟ್ಟದೆ ದಾಟಿದವರಲ್ಲ.

ಇಂಗ್ಲಿಷ್–ಕನ್ನಡ ನಿಘಂಟೊಂದನ್ನು ನಾವು ಕೈಗೆತ್ತಿಕೊಂಡಿದ್ದೆವು. ಹಳ್ಳಿಯಿಂದ ಓದಿ ಬಂದ, ಮನೆಯಲ್ಲಿ ಮೊದಲ ಪದವಿ ಕಂಡ ನನಗೆ ಅಚ್ಚಾದದ್ದೆಲ್ಲ ವೇದವಾಕ್ಯ. ಕಬಾಲ್ ಎಂಬ ಪದಕ್ಕೆ ಟಿಪ್ಪಣಿ ಬರೆಯುವ ಸರದಿ ನನ್ನದಾಯಿತು. ಗುಟ್ಟಾಗಿ ಸೇರಿ ಪಿತೂರಿ ನಡೆಸುವ ಸಣ್ಣ ಗುಂಪು ಎಂದು ಅರ್ಥ. ಅದರ ಹುಟ್ಟಿನ ಬಗ್ಗೆ ಸೊಗಸಾದ ಕಥೆಯೊಂದು ಪ್ರಚಾರದಲ್ಲಿದೆ: ಇಂಗ್ಲೆಂಡಿನ ರಾಜನೊಬ್ಬನಿಗೆ ಗುಟ್ಟಿನ ಸಲಹೆ ಕೊಡುವ ಐವರು ಮಂತ್ರಿಗಳಿದ್ದರಂತೆ, ಅವರ ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರ ಜೋಡಿಸಿದರೆ ಈ ಪದವಂತೆ. ನಮ್ಮ ಮಾಲೀಕರಿಗೆ ಕಥೆ ಎಷ್ಟು ಹಿಡಿಸಿತೆಂದರೆ, ಮುನ್ನುಡಿಯಲ್ಲೂ ಹಾಕಿ ಎಂದರು.

"ಚೆನ್ನಾಗಿದೆ," ಎಂದರು ಸಾಕ್ಷಿಯಮ್ಮ. "ಅದಕ್ಕೇ ಅನುಮಾನ. ಆ ಐವರು ಅಧಿಕಾರಕ್ಕೆ ಬರೋ ಮುಂಚೆ ಈ ಪದ ಇತ್ತಾ ಇಲ್ವಾ, ನೋಡಿದ್ಯಾ?"

ನೋಡಿರಲಿಲ್ಲ. ಹುಡುಕಿದೆ; ಇತ್ತು. ಹೀಬ್ರೂ ಭಾಷೆಯಲ್ಲಿ ಹುಟ್ಟಿ, ಲ್ಯಾಟಿನ್ ದಾಟಿ, ಫ್ರೆಂಚ್ ಹಾದು, ಆ ಐವರಿಗಿಂತ ಮೊದಲೇ ಇಂಗ್ಲಿಷಿಗೆ ಬಂದು ಕೂತಿತ್ತು. ಮೂಲದಲ್ಲಿ ಅದರ ಅರ್ಥ 'ಪಡೆದದ್ದು'. ಹಿರಿಯರಿಂದ ಕಿರಿಯರು ಪಡೆದ ಅರಿವು. ಮಂತ್ರಿಗಳ ಅಕ್ಷರಗಳು ಅದಕ್ಕೆ ಹೊಂದಿಕೊಂಡದ್ದು ಬರೀ ಕಾಕತಾಳೀಯ.

"ಅರಿವು ಹೋಗಿ ಪಿತೂರಿ ಹೇಗಾಯ್ತು ಮೇಡಂ?" ಎಂದು ಕೇಳಿದೆ.

"ಒಳಗಿದ್ದವರು ಕಲೀತಿದ್ರು ಕಣೇ. ಅರ್ಥ ಬರೆದವರು ಬಾಗಿಲ ಹೊರಗೆ ನಿಂತಿದ್ರು."

ಆ ಮಾತು ನನಗೇ ಹೇಳಿದಂತಿತ್ತು. ಏಕೆಂದರೆ ಆ ಕಟ್ಟಡದಲ್ಲೂ ಮುಚ್ಚಿದ ಬಾಗಿಲೊಂದಿತ್ತು, ಅದರ ಒಳಗಿದ್ದವರಲ್ಲಿ ನಾನೂ ಒಬ್ಬಳು. ಕರಡು ತಿದ್ದುವ ಹಿರಿಯರನ್ನು ನಾವೆಲ್ಲ ಕರಡಜ್ಜ ಎನ್ನುತ್ತಿದ್ದೆವು. ಅವರ ಕಣ್ಣಿಗೆ ಮಂಜು ಕವಿಯುತ್ತ ಬಂದಿತ್ತು, ಅಕ್ಷರವೆಲ್ಲ ಇರುವೆಸಾಲಾಗಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಗದದ ಉಗ್ರಾಣದ ಬಾಗಿಲು ಹಾಕಿಕೊಂಡು, ನಾವು ನಾಲ್ವರು ಕಿರಿಯರು ಸರದಿಯ ಮೇಲೆ ಅವರಿಗೆ ಕರಡು ಓದುತ್ತಿದ್ದೆವು, ಚುಕ್ಕೆ ಗೆರೆ ಬಿಡದೆ. ಅವರು ಕಣ್ಣು ಮುಚ್ಚಿ ಕೇಳುತ್ತ, ತಪ್ಪಾದಲ್ಲಿ ಕೈ ಎತ್ತುತ್ತಿದ್ದರು. "ಅಲ್ಪವಿರಾಮ ಎಲ್ಲಮ್ಮಾ? ಊಟದ ಜೊತೆ ನುಂಗಿಬಿಟ್ಯಾ?" ಹಾಗೆ ಬೈಸಿಕೊಳ್ಳುತ್ತಲೇ ನಾವು ಕೆಲಸ ಕಲಿತದ್ದು. ಕೈ ನಡುಗುತ್ತದೆಂದು ಬೈಂಡರೊಬ್ಬನನ್ನು ಮಾಲೀಕರು ಮನೆಗೆ ಕಳಿಸಿದ್ದನ್ನು ಕಂಡಿದ್ದೆವು. ಅಜ್ಜನ ಕಣ್ಣಿನ ಸುದ್ದಿ ಹೊರಬಿದ್ದರೆ ಅವರಿಗೂ ಅದೇ ಗತಿ.

ಅಷ್ಟರಲ್ಲಿ ಇನ್ನೊಂದು ಪ್ರಕಾಶನ ತಾನೂ ಇಂಥದೇ ನಿಘಂಟು ತರುವುದಾಗಿ ಜಾಹೀರಾತು ಕೊಟ್ಟಿತು. ನಮ್ಮ ಪುಟಗಳು ಸೋರಿವೆ ಎಂದು ಮಾಲೀಕರು ಲೆಕ್ಕ ಹಾಕಿದರು. ನಮ್ಮನ್ನು ಸಾಕ್ಷಿಯಮ್ಮನ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿದರು.

"ದಿನಾ ಬಾಗಿಲು ಹಾಕ್ಕೊಂಡು ಗುಸುಗುಸು. ನಾನು ಹೋದ್ರೆ ಬಾಯಿಗೆ ಬೀಗ. ಸರಿಯಾಗಿ ಐದೇ ಜನ. ನೋಡಿ ಮೇಡಂ, ನಿಮ್ಮ ಕಬಾಲ್ ಇಲ್ಲೇ ನಿಂತಿದೆ. ಇವರ ಹೆಸರಿನ ಮೊದಲಕ್ಷರ ಜೋಡಿಸಿದ್ರೆ ಕಳ್ಳರು ಅಂತಾನೇ ಬರುತ್ತೇನೋ. ನೀವೊಂದು ಹೂಂ ಅನ್ನಿ, ಇವತ್ತೇ ಐವರನ್ನೂ ಕಳಿಸ್ತೀನಿ."

ಅಜ್ಜ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಅಂಗಿಯ ತೋಳು ಜಗ್ಗಿದೆ. ಸಾಕ್ಷಿಯಮ್ಮ ಅದನ್ನು ನೋಡಿದರು. ಕನ್ನಡಕ ಹಣೆಗೇರಿತು.

"ಎಲ್ಲಾ ಚೆನ್ನಾಗಿ ಕೂತಿದೆ. ಅದಕ್ಕೇ ಅನುಮಾನ. ಇವರು ಬಾಗಿಲು ಹಾಕೋಕೆ ಶುರು ಮಾಡಿದ್ದು ಯಾವಾಗ?"

"ಆ ಜಾಹೀರಾತು ಬಂದ ವಾರವೇ ನೋಡಿದೆ."

"ನೀವು ನೋಡಿದ್ದು ಆ ವಾರ. ನಾನು ಕೇಳಿದ್ದು ಶುರುವಾದದ್ದು. ನಾವು ಈ ನಿಘಂಟಿಗೆ ಕೈ ಹಾಕೋ ಮುಂಚೆ ಒಂದಿನ ಕಾಗದ ತರೋಕೆ ಹೋಗಿದ್ದೆ. ಬಾಗಿಲು ಹಾಕಿತ್ತು. ಒಳಗೆ ಯಾರೋ ಓದ್ತಿದ್ರು, ಯಾರೋ ಬೈತಿದ್ರು. ತಟ್ಟದೆ ವಾಪಸ್ ಬಂದೆ. ಹುಟ್ಟದೇ ಇರೋ ನಿಘಂಟನ್ನ ಆಗ ಇವರು ಯಾರಿಗೆ ಮಾರ್ತಿದ್ರು?"

"ಹಾಗಾದ್ರೆ ಒಳಗೆ ಏನ್ ಮಾಡ್ತಾರೆ, ಹೇಳಿ."

"ಗೊತ್ತಿಲ್ಲ. ನಾನು ನೋಡಿಲ್ಲ. ನಾಳೆ ನೋಡಿ ಹೇಳ್ತೀನಿ. ಅಲ್ಲಿವರೆಗೆ ನನ್ನಿಂದ ಹೂಂ ಬರಲ್ಲ."

ಮರುದಿನ ಉಗ್ರಾಣದ ಬಾಗಿಲು ತಟ್ಟಿ, ನಾವು ತೆರೆಯುವವರೆಗೆ ಕಾದು, ಒಳಗೆ ಬಂದರು. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ ಕಾಗದದ ಕಟ್ಟಿನ ಮೇಲೆ ಕೂತರು. ಅವರನ್ನು ಕೋಟಿಲ್ಲದೆ ನಾವು ಕಂಡದ್ದು ಅದೇ ಮೊದಲು. "ಯಾರು ಬಂದ್ರು? ಕೂತ್ಕೊಳ್ಳಿ, ಸಾಲು ಮುಗೀಲಿ," ಎಂದರು ಅಜ್ಜ, ಖಾಲಿ ಗೋಡೆಯ ಕಡೆಗೆ ತಿರುಗಿ. ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ. ನಾನು ಓದಿದೆ, ಅಜ್ಜ ಎಂದಿನಂತೆ ಬೈದರು. ಮುಗಿದ ಮೇಲೆ ಸಾಕ್ಷಿಯಮ್ಮ ಅಜ್ಜನ ಕೈ ದಾಟಿದ ಹಾಳೆಗಳನ್ನೆಲ್ಲ ತೆಗೆದುಕೊಂಡು, ಕನ್ನಡಕ ಇಳಿಸಿ, ಸಾಲುಸಾಲಿನ ಮೇಲೂ ಬೆರಳಾಡಿಸುತ್ತ ಓದಿದರು. ನಮ್ಮ ಉಸಿರೆಲ್ಲ ಆ ಬೆರಳ ತುದಿಯಲ್ಲಿತ್ತು.

"ಚೆನ್ನಾಗಿದೆ," ಎಂದರು.

ಉಳಿದರ್ಧಕ್ಕೆ ಕಾದೆವು. ಅದು ಬರಲೇ ಇಲ್ಲ.

ಅಜ್ಜನನ್ನು ಕೇಳಿ, ಅವರು ಒಪ್ಪಿದ ಮೇಲೆ, ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಕಣ್ಣು ಹೋಗ್ತಿದೆ. ಕೆಲಸ ಹೋಗಿಲ್ಲ. ಹಾಳೆ ಇಲ್ಲಿದೆ, ನೀವೇ ನೋಡಿ." ಮಾಲೀಕರು ಬಹಳ ಹೊತ್ತು ನೋಡಿದರು. ಅಜ್ಜ ಉಳಿದರು, ನಾವೂ ಉಳಿದೆವು. ಉಗ್ರಾಣದ ಬಾಗಿಲು ಮಾತ್ರ ಅಂದಿನಿಂದ ತೆರೆದೇ ಇತ್ತು. ಆ ಇನ್ನೊಂದು ನಿಘಂಟು ಹೊರಬಂದಾಗ ಅದರಲ್ಲಿ ನಮ್ಮದೊಂದು ಸಾಲೂ ಇರಲಿಲ್ಲ. ನಮ್ಮ ನಿಘಂಟಿನಲ್ಲಿ ಐವರು ಮಂತ್ರಿಗಳ ಕಥೆಗೂ ಜಾಗ ಸಿಕ್ಕಿತು, 'ಇದು ಆಮೇಲೆ ಕಟ್ಟಿದ್ದು' ಎಂಬ ಮಾತಿನೊಂದಿಗೆ.

ಇಂಥವರನ್ನು ಲೋಕ ರಸವಿಲ್ಲದವರು ಎನ್ನುತ್ತದೆ. ಹರಟೆಗೆ ಯಾರೂ ಕರೆಯುವುದಿಲ್ಲ, ಇವರು ಬಂದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಸೊಗಸಾದ ಕಥೆ ಕಟ್ಟುವವರು ಬೀದಿಗೊಬ್ಬರು ಸಿಗುತ್ತಾರೆ, ಅದನ್ನು ನಂಬುವವರು ಮನೆಮನೆಗೂ ಇರುತ್ತಾರೆ. ಆದರೆ ಅಂಥ ಕಥೆಯೊಂದು ಒಂದು ದಿನ ನಮ್ಮ ಮೈಗೇ ಅಳತೆ ತೆಗೆದು ಹೊಲಿದಂತೆ ಬಂದು ಕೂತಾಗ, ಕೇಳಿದವರೆಲ್ಲ ಹೌದೌದು ಎಂದು ತಲೆಯಾಡಿಸುತ್ತಿರುವಾಗ, ಕನ್ನಡಕ ಹಣೆಗೇರಿಸಿ ಅನುಮಾನಪಡುವ ಒಂದು ಮುಖಕ್ಕಾಗಿ ನಮ್ಮ ಕಣ್ಣು ಆ ಕೋಣೆಯನ್ನೆಲ್ಲ ಹುಡುಕುತ್ತದೆ.