ಕೆಳಗಿನ ಡ್ರಾಯರ್

ಡಿಶ್‌ವಾಷರಿನ ತಳದಲ್ಲಿ ನಿಂತಿದ್ದ ಕೊಳಕು ನೀರನ್ನೆಲ್ಲ ಮಗ್ಗಿನಿಂದ ಮೊಗೆದು ಬಕೆಟಿಗೆ ಸುರಿದು, ವಂದನಾ ಮೊಣಕಾಲೂರಿ ತೋಳನ್ನು ಒಳಗೆ ಚಾಚಿದಳು. ಫಿಲ್ಟರನ್ನು ಆಗಲೇ ತಿರುಗಿಸಿ ತೆಗೆದಾಗಿತ್ತು. ಅದರಲ್ಲಿ ಒಗ್ಗರಣೆಯ ಸಾಸಿವೆ, ಕರಿಬೇವಿನ ನಾರು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ನೀರು ಹೊರಹೋಗುವ ಪಂಪಿನ ಬಾಯಲ್ಲೇ ಏನೋ ಸಿಕ್ಕಿಕೊಂಡಿರಬೇಕು. ಎರಡು ಬೆರಳು ತೂರಿಸಿ ತಡಕಿದಾಗ ಚೂಪಾದದ್ದೊಂದು ತಗುಲಿತು. ಅಲುಗಿಸಿ ಅಲುಗಿಸಿ ಎಳೆದಳು.

ಉಗುರಿನಷ್ಟು ಉದ್ದದ ಕೋಳಿಮೂಳೆಯ ಚೂರು. ಎಷ್ಟು ಸಲ ಬಿಸಿನೀರು ಕಂಡಿತ್ತೋ, ಬೆಳ್ಳಗೆ ಸೀಮೆಸುಣ್ಣದ ಹಾಗಾಗಿತ್ತು.

"ಏನಮ್ಮ ಅದು?" ಊಟದ ಮೇಜಿನ ಹತ್ತಿರ ಕುಳಿತಿದ್ದ ಅತ್ತೆ ಜಯಲಕ್ಷ್ಮಿ ಕೇಳಿದರು.

"ಏನಿಲ್ರೀ ಅತ್ತಿ, ಪ್ಲಾಸ್ಟಿಕ್ ಚೂರು," ಎಂದು ವಂದನಾ ಮುಷ್ಟಿ ಮುಚ್ಚಿದಳು.

ಜಯಲಕ್ಷ್ಮಿ ಸ್ವಲ್ಪ ಹೊತ್ತು ಆ ಮುಷ್ಟಿಯನ್ನೇ ನೋಡಿದರು. "ಮೂಳೆ ಅಲ್ವಾ?" ಅಂದರು. ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗೊತ್ತಿಕೊಂಡು ಎದ್ದು ತಮ್ಮ ಕೋಣೆಗೆ ಹೋದರು. ಆ ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಒಂದು ಬಾಳೆಹಣ್ಣನ್ನು ಮಾತ್ರ ತಾವೇ ಬಂದು ತೆಗೆದುಕೊಂಡು ಹೋದರು.

ವಂದನಾ ಗದಗ ಬೆಟಗೇರಿಯವಳು, ಮಿಷನ್ ಚರ್ಚಿನ ಕುಟುಂಬದ ಹುಡುಗಿ. ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ಗುರುರಾಜನ ಪರಿಚಯವಾಗಿ, ಇಬ್ಬರೂ ನ್ಯೂಜಿಲೆಂಡಿಗೆ ಬಂದ ಮೇಲೆ ಮದುವೆಯಾಗಿದ್ದರು. ಮಗಳು ಕೃತಿ ಹುಟ್ಟುವವರೆಗೂ ಗುರುರಾಜನ ಮೈಸೂರಿನ ಮನೆಯಿಂದ ಒಂದು ಫೋನೂ ಬಂದಿರಲಿಲ್ಲ. ಹೋದ ವರ್ಷ ಮಾವ ತೀರಿಕೊಂಡಾಗ, "ಅಲ್ಲಿ ಒಬ್ರ ಏನ್ ಮಾಡ್ತಾರ? ಕರಕೊಂಡ ಬಾ," ಎಂದವಳು ವಂದನಾಳೇ. ಅತ್ತೆ ಬರುವ ಮೊದಲೇ ಮಾಂಸದ ಬಾಣಲೆಯನ್ನು ಗ್ಯಾರೇಜಿಗೆ ಸಾಗಿಸಿದ್ದಳು. ತಿನ್ನಬೇಕೆನಿಸಿದಾಗ ಹಿತ್ತಲ ಬಾರ್ಬೆಕ್ಯೂನಲ್ಲಿ ಮಾಡಿಕೊಂಡು, ಅಲ್ಲೇ ತಿಂದು, ಆ ತಟ್ಟೆಯನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಕೈಯಿಂದಲೇ ತೊಳೆಯುತ್ತಿದ್ದಳು. ಯಾರೂ ಹೇಳಿರಲಿಲ್ಲ. ತಾನಾಗಿಯೇ ಮಾಡಿದ್ದೆಂಬ ಸಣ್ಣ ಹೆಮ್ಮೆ ಇತ್ತು.

ಜಯಲಕ್ಷ್ಮಿ ಮಾತ್ರ ತಮ್ಮ ಪಾತ್ರೆಗಳನ್ನು ಯಂತ್ರಕ್ಕೆ ಹಾಕುತ್ತಿರಲಿಲ್ಲ. ಸಿಂಕಿನಲ್ಲಿ ತಾವೇ ತೊಳೆದು ಕವುಚಿಡುತ್ತಿದ್ದರು. ಇಬ್ಬನಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದ ಮೇಲೆ ಬೇರೆ ದಾರಿ ಇರಲಿಲ್ಲ. "ಅದರಲ್ಲಿ ಅಂಥದ್ದೇನೂ ಹಾಕಲ್ಲಮ್ಮ, ತಿಂಗಳುಗಳೇ ಆಯ್ತು," ಎಂದು ಗುರುರಾಜ ಆಣೆ ಮಾಡಿ ಒಪ್ಪಿಸಿದ್ದ. ಆವತ್ತಿನಿಂದ ಅತ್ತೆಗೆ ಸ್ನಾನ ಮಾಡಿಸುವುದು, ಸೀರೆಯ ನೆರಿಗೆ ಹಿಡಿಯುವುದು, ತಲೆ ಬಾಚಿ ಜಡೆ ಹಾಕುವುದು ಎಲ್ಲ ವಂದನಾಳದೇ. ಬೆನ್ನುಜ್ಜುವಾಗ ಜಯಲಕ್ಷ್ಮಿ ಕಣ್ಣು ಮುಚ್ಚಿಕೊಂಡು, "ನಿನ್ನ ಕೈ ಎಷ್ಟು ಮೆತ್ತಗಿದೆಯಮ್ಮ," ಅನ್ನುತ್ತಿದ್ದರು.

ಮೂಳೆ ಹೊರಬಂದ ಮೇಲೆ ವಂದನಾ ಫಿಲ್ಟರನ್ನು ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ ಕೂರಿಸಿದಳು. ನೀರು ಚಿಮ್ಮುವ ರೆಕ್ಕೆಯ ತೂತುಗಳಿಗೆ ಸೂಜಿ ಹಾಕಿ ಕಸ ತೆಗೆದಳು. ಬಾಗಿಲ ಸುತ್ತಲ ರಬ್ಬರಿನ ಸಂದು ಒರೆಸಿ, ಒಂದು ಬಟ್ಟಲು ವಿನೆಗರ್ ಇಟ್ಟು ಖಾಲಿ ಯಂತ್ರವನ್ನು ಬಿಸಿನೀರಿನಲ್ಲಿ ಓಡಿಸಿದಳು. ನೀರು ಗಳಗಳ ಹೊರಗೆ ಹೋಯಿತು.

ಸಂಜೆ ಗುರುರಾಜ ಈಸ್ಟ್ ತಮಾಕಿ ಬಡಾವಣೆಯ ಕಾರ್ಖಾನೆಯಿಂದ ಬಂದ ಕೂಡಲೇ ಹೇಳಿದಳು: "ಸರಿ ಆತು ನೋಡು. ಇನ್ನೊಂದ್ ನಾಕ್ ವರ್ಷ ಚಿಂತಿ ಇಲ್ಲ."

ಅವನು ಆಗಲೇ ಅಮ್ಮನ ಕೋಣೆಗೆ ಹೋಗಿ ಬಂದಿದ್ದ. "ಸರಿಯಾಗಿದ್ರೂ ಅಮ್ಮ ಇನ್ನು ಅದಕ್ಕೆ ತಟ್ಟೆ ಹಾಕಲ್ಲ, ವಂದನಾ. ಹೊಸದು ತಗೊಳ್ಳೋಣ."

ಅವಳಿಗೆ ಬೇಸರವಾಗಲಿಲ್ಲ. ಹಳೆಯ ಮೂಳೆಯ ನೆನಪಿಲ್ಲದ ಹೊಸ ಯಂತ್ರ ಬಂದರೆ ಎಲ್ಲರಿಗೂ ನೆಮ್ಮದಿ ಅನ್ನಿಸಿತು. ಮರುದಿನ ಆಸ್ಪತ್ರೆಯಲ್ಲಿ ಬ್ರೇಕ್ ಸಿಕ್ಕಾಗ ವಾರ್ಡಿನ ಟೀ ರೂಮಿನಲ್ಲಿ ಕೂತು ಫೋನಿನಲ್ಲಿ ಹುಡುಕಿದಳು. ತೊಳೆದಾದ ಮೇಲೆ ಹಬೆ ಹೋಗಲೆಂದು ತಾನಾಗಿಯೇ ಬಾಗಿಲು ತೆರೆಯುವುದು, ಚಮಚಗಳಿಗೆಂದೇ ಮೇಲೊಂದು ತಟ್ಟೆ ಇರುವುದು, ಕಡಿಮೆ ನೀರು ಕುಡಿಯುವುದು. ಜತೆಯ ನರ್ಸುಗಳಿಗೂ ತೋರಿಸಿದಳು.

ಶನಿವಾರ ಎಲ್ಲರೂ ಅಂಗಡಿಗೆ ಹೋದರು. ವಂದನಾ ಒಂದೊಂದೇ ಬಾಗಿಲು ತೆರೆದು, ಫಿಲ್ಟರ್ ಸುಲಭಕ್ಕೆ ಕೈಗೆ ಬರುತ್ತದೋ ಇಲ್ಲವೋ ಎಂದು ತಿರುಗಿಸಿ ನೋಡುತ್ತಿದ್ದಳು. ಒಂದು ಇಷ್ಟವಾಯಿತು. ಕರೆಯೋಣವೆಂದು ತಿರುಗಿದರೆ ಗುರುರಾಜ ಅಮ್ಮನ ಭುಜ ಹಿಡಿದುಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದ. ಅಲ್ಲಿದ್ದ ಯಂತ್ರಕ್ಕೆ ಬಾಗಿಲಿರಲಿಲ್ಲ. ಬೀರುವಿನ ಹಾಗೆ ಒಂದರ ಮೇಲೊಂದು ಎರಡು ಡ್ರಾಯರ್.

"ಮೇಲಿನ ನೀರು ಕೆಳಗಡೆಗೆ, ಕೆಳಗಿಂದು ಮೇಲಕ್ಕೆ, ಬರೋದಿಲ್ವೇನೋ?" ಜಯಲಕ್ಷ್ಮಿ ಕೇಳುತ್ತಿದ್ದರು.

"ಇಲ್ಲಮ್ಮ. ಪಂಪೇ ಬೇರೆ, ಫಿಲ್ಟರೇ ಬೇರೆ. ಎರಡು ಮೆಷೀನ್ ಇಟ್ಟ ಹಾಗೆ ಅಂದ್ಕೋ."

"ಪೂರ್ತಿ ಬೇರೆ ತಾನೇ?"

"ಪೂರ್ತಿ."

ವಂದನಾ ಹತ್ತಿರ ಬಂದಳು. ಅಂಗಡಿಯ ಹುಡುಗಿ ನಗುತ್ತಾ, ಪಾತ್ರೆ ಕಡಿಮೆ ಇದ್ದಾಗ ಒಂದನ್ನೇ ಓಡಿಸಬಹುದು, ತುಂಬ ಜನ ಇದನ್ನೇ ಒಯ್ಯುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ವಂದನಾ ಅವಳ ಕಡೆ ನೋಡಲಿಲ್ಲ.

"ನಂದು ಯಾವ್ದು, ಗುರು?"

"ಏನು?"

"ಎರಡರಾಗ ನಂದು ಯಾವ್ದು ಅಂತ ಕೇಳ್ದೆ."

"ಹಾಗ್ಯಾಕೆ ತಗೋತೀಯ? ನೀನೂ ಇನ್ಮೇಲೆ ಆ ತೊಟ್ಟೀಲಿ ಕೈಯಲ್ಲಿ ತೊಳೀಬೇಕಾಗಿಲ್ಲ. ನಿನಗೋಸ್ಕರಾನೂ ಯೋಚನೆ ಮಾಡಿದೀನಿ ನಾನು." ಅವನ ಮುಖದಲ್ಲಿ ಕಷ್ಟದ ಲೆಕ್ಕವೊಂದನ್ನು ಬಿಡಿಸಿದವನ ಸಂತೋಷವಿತ್ತು. ಅದು ನಾಟಕವಾಗಿದ್ದರೆ ಅವಳಿಗೆ ಬೈಯಲು ಸುಲಭವಾಗುತ್ತಿತ್ತು.

ಜಯಲಕ್ಷ್ಮಿ ಎಡಗೈಯಿಂದ ಅವಳ ತೋಳು ಸವರಿದರು. "ವಂದನಾ, ನಿನ್ನ ಮೇಲೆ ನಂಗೇನೂ ಇಲ್ಲಮ್ಮ. ನಿನ್ನಂಥ ಸೊಸೆ ಪುಣ್ಯ ಮಾಡಿದ್ರೆ ಸಿಗ್ತಾಳೆ. ಇದು ಹುಟ್ಟಿದಾಗಿಂದ ಬಂದ ಅಭ್ಯಾಸ, ಏನ್ಮಾಡ್ಲಿ ಹೇಳು."

ಆ ಬೆಳಿಗ್ಗೆ ತಾನೇ ಉಡಿಸಿದ ಸೀರೆಯ ನೆರಿಗೆ ಒಂದಿಷ್ಟೂ ಜರುಗದೆ ನಿಂತಿದ್ದನ್ನು ವಂದನಾ ನೋಡಿದಳು. ಗಂಟಲಿಗೆ ಬಂದ ಮಾತು ಯಾವುದೂ ಅಲ್ಲಿ ಹೇಳುವಂಥದ್ದಾಗಿರಲಿಲ್ಲ. ಎಲ್ಲರೂ ಅಷ್ಟು ಮೆತ್ತಗೆ ಮಾತಾಡುತ್ತಿದ್ದರು.

"ಆತು, ತಗೋರಿ," ಅಂದಳು.

ಕಾರಿನಲ್ಲಿ ಗುರುರಾಜ, "ಯಾರಿಗೂ ಬೇಜಾರಾಗದ ಹಾಗೆ ಮುಗೀತಲ್ಲ," ಅಂದ.

ಬುಧವಾರ ಇಬ್ಬರು ಆಳುಗಳು ಬಂದು, ಚೆನ್ನಾಗಿ ಓಡುತ್ತಿದ್ದ ಹಳೆಯದನ್ನು ಟ್ರಾಲಿಯ ಮೇಲೆ ತಳ್ಳಿಕೊಂಡು ಹೋದರು. ಹೊಸದು ಬಂದು ಕೂತಿತು. ಯಾವ ಡ್ರಾಯರ್ ಯಾರದೆಂದು ಗುರುರಾಜ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ದಿನ ಅಮ್ಮನ ತಟ್ಟೆಲೋಟಗಳನ್ನು ಮೇಲಿನದರಲ್ಲಿ ತಾನೇ ಜೋಡಿಸಿದ, ತನ್ನದನ್ನೂ ಅದರ ಪಕ್ಕಕ್ಕೆ ಇಟ್ಟ. ವಂದನಾ ಹಿತ್ತಲಿನಿಂದ ತಂದ ಮೀನಿನ ತಟ್ಟೆಗೆ ಕೆಳಗಿನದನ್ನು ಎಳೆದು ಕೊಟ್ಟ. ಅಷ್ಟೇ. ಏಳು ವರ್ಷದ ಕೃತಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಭಾನುವಾರ ವಂದನಾ ಬೆಳಗಿನ ಪಾಳಿ ಮುಗಿಸಿ ಬರುವಷ್ಟರಲ್ಲಿ ಮೂವರದೂ ಊಟವಾಗಿತ್ತು. ಅವಳಿಗೆ ಊಟ ಬೇಡವೆನಿಸಿತು. ಚಹಾ ಮಾಡಿಕೊಂಡು, ಕಿಟಕಿಯ ಹತ್ತಿರ ನಿಂತು ಕುಡಿದು, ಕಪ್ಪನ್ನು ಮೇಲಿನ ಡ್ರಾಯರಿನಲ್ಲಿ ಇಟ್ಟಳು.

"ನೋ, ಮಮ್ಮಿ!" ಕೃತಿ ಓಡಿಬಂದಳು. "ನಾಟ್ ದೇರ್. ದಟ್ಸ್ ಅಜ್ಜೀಸ್."

"ಬರೇ ಚಾ ಕುಡದಿದ್ದು ಕೃತಿ. ಮೀನಿಲ್ಲ, ಏನಿಲ್ಲ."

"ಐ ನೋ. ಬಟ್ ಇಟ್ಸ್ ಯುವರ್ಸ್."

ವಂದನಾ ಗಂಡನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಬಟ್ಟೆಯಿಂದ ಒಲೆಯ ಪಕ್ಕದ, ಆಗಲೇ ಒಣಗಿದ್ದ ಜಾಗವನ್ನು ಒರೆಸಿದ. "ಚಹಾ ಕಪ್ ತಾನೇ, ಎಲ್ಲಾದ್ರೂ..." ಎಂದು ಶುರು ಮಾಡಿ, ಅಮ್ಮನ ಮುಖ ನೋಡಿ, ಮುಗಿಸಲಿಲ್ಲ. ಜಯಲಕ್ಷ್ಮಿ ಪ್ಲಾಸ್ಟರಿನ ಅಂಚಿಗೆ ಎದ್ದಿದ್ದ ಹತ್ತಿಯನ್ನು ಕೀಳುತ್ತಾ ಕೂತಿದ್ದರು.

ಕೃತಿ ಯಾರಿಗೂ ಕಾಯಲಿಲ್ಲ. ಕಪ್ಪನ್ನು ಎರಡು ಕೈಯಲ್ಲಿ, ಒಡೆಯದ ಹಾಗೆ ಜೋಪಾನವಾಗಿ ಎತ್ತಿಕೊಂಡಳು. ಮೊಣಕಾಲೂರಿ ಕೆಳಗಿನ ಡ್ರಾಯರನ್ನು ಎಳೆದು, ಖಾಲಿ ಕಂಬಿಗಳ ನಡುವೆ ಅದನ್ನು ಬೋರಲು ಇಟ್ಟಳು. ಆಮೇಲೆ ಮೇಜಿಗೆ ಹೋಗಿ, ಮೊಸರನ್ನ ತಿಂದ ತನ್ನ ಪುಟ್ಟ ತಟ್ಟೆಯನ್ನು ತಂದು ಮೇಲಿನದರಲ್ಲಿ ಅಜ್ಜಿಯ ತಟ್ಟೆಯ ಪಕ್ಕಕ್ಕೆ ಒರಗಿಸಿದಳು. ಎರಡನ್ನೂ ಒತ್ತಿ ಮುಚ್ಚಿದಳು.

ಕೆಳಗಡೆ ಒಂದೇ ಒಂದು ಚಹಾ ಕಪ್ ಕಂಬಿಗೆ ತಾಗಿ ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು.