ಆಷಾಢದ ಮನೆಯವರು

"ಮಾಸ್ಟರ್ ಬೆಡ್‌ರೂಂನಾಗೆ ಕೂಸು ಎತ್ತವ್ಳಾ ನಿನ್ ಮಗ್ಳು? ಥೂ, ನಿಮ್ ವಂಶ ಆಳಾಗ! ಬಂಗಾರಪೇಟೆ ಆಸ್ಪತ್ರೆಗೇನು ಬೆಂಕಿ ಬಿದ್ದಿತ್ತೇನೆ ಲೌಡಿ?"

ವೆಂಕಟೇಶಪ್ಪ ಮೂಗಿಗೆ ಕರ್ಚೀಫು ಒತ್ತಿಕೊಂಡು ಮೆಟ್ಟಿಲ ಮೇಲೆ ನಿಂತು ಅರಚುತ್ತಿದ್ದ. ತಾನೇ ಕಟ್ಟಿಸಿದ ಹೊಸ ಮನೆಯೊಳಗಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು.

"ಆಸ್ಪತ್ರೆಗೇ ಒಂಟಿದ್ವಿ ಅಣ್ಣಾ. ಬೂದಿಕೋಟೆ ರೋಡ್ನಾಗೆ ಆಟೋ ಸಿಗೋಗಂಟ ಕೂಸು ಕಾಯ್ಬೇಕಲ್ಲ? ಅದೇನು ನಿನ್ ಗಿರಾಕಿನಾ, ಮುಹೂರ್ತ ನೋಡ್ಕಂಡು ಬರಾಕೆ?" ಎಂದೆ ನಾನು.

"ಬಾಯ್ಮುಚ್ಚೇ ಮುತ್ಯಾಲಿ. ಸಾಮಾನು ಕಟ್ಟು. ನಾಡಿದ್ದು ಶ್ರಾವಣ."

ಇಪ್ಪತ್ತು ವರ್ಷದಿಂದ ಗಾರೆಯವರ ಕೈಗೆ ಬಾಂಡ್ಲಿ ಕೊಟ್ಟವಳು ನಾನು. ವೆಂಕಟೇಶಪ್ಪ ಮನೆ ಕಟ್ಟಿ ಮಾರುವವನು. ಆಷಾಢದಲ್ಲಿ ಅವನ ಮನೆಗಳನ್ನು ಕೇಳಲು ನಾಯಿಯೂ ಬರುವುದಿಲ್ಲ. ಶ್ರಾವಣ ಹುಟ್ಟಿದ ಮರುದಿನ ಅದೇ ಮನೆಗೆ ಮೂರು ಲಕ್ಷ ಹೆಚ್ಚು. ಪಿತೃಪಕ್ಷದಲ್ಲಿ ರೇಟು ಕುಸಿಯುತ್ತದೆ, ದಸರೆಗೆ ಏಳುತ್ತದೆ, ಧನುರ್ಮಾಸಕ್ಕೆ ಮತ್ತೆ ಮಲಗುತ್ತದೆ. ಇಟ್ಟಿಗೆ ಅದೇ, ಸಿಮೆಂಟು ಅದೇ. ನನ್ನ ಕೂಲಿ ಮಾತ್ರ ಯಾವ ಮಾಸದಲ್ಲೂ ಎದ್ದದ್ದು ನೋಡಿಲ್ಲ.

ಮಾರಾಟ ಮಲಗಿದ ಆಷಾಢದ ತಿಂಗಳು ವೈರು, ನಲ್ಲಿ ಕಳ್ಳರ ಪಾಲಾಗದಿರಲಿ ಎಂದು ಅವನು ನಮ್ಮನ್ನು ಒಳಗೆ ಬಿಡುತ್ತಾನೆ. ಶ್ರಾವಣಕ್ಕೆ ಎರಡು ದಿನ ಇರುವಾಗ ಹೊರಗೆ ಕಳಿಸಿ, ಗಂಜಲ ಚಿಮುಕಿಸಿ, ಬೀಗ ಜಡಿದು, 'ಯಾರೂ ಕಾಲಿಡದ ಮನೆ' ಎಂದು ಮಾರುತ್ತಾನೆ. ಹೀಗೆ ಏಳು ಆಷಾಢ, ಏಳು ಹೊಸ ಮನೆ. ಬಂಗಾರಪೇಟೆಯ ಯಾವ ಸಾಹುಕಾರನೂ ನನ್ನಷ್ಟು ಸಲ ಹೊಸ ಮನೆ ಹೊಕ್ಕಿರಲಾರ.

ಪ್ರತಿ ವರ್ಷ ಹೊರಬಿದ್ದ ಮೇಲೆ ಸೇರಿಕೊಳ್ಳಲು ತಗಡಿನ ಶೆಡ್ಡಾದರೂ ಇರುತ್ತಿತ್ತು. ಈ ವರ್ಷ ಕೊಳ್ಳುವವರ ಕಣ್ಣಿಗೆ ಚಂದ ಕಾಣಲೆಂದು ಅದನ್ನೂ ಕಿತ್ತುಹಾಕಿಸಿದ್ದ. ನನ್ನ ಗಂಡ ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿದ್ದ. ಇದ್ದಿದ್ದರೂ ಕೈಮುಗಿಯುತ್ತಿದ್ದ, ಅಷ್ಟೆ.

"ಪಕ್ಕದ ಮನೆ ತಾರಸಿ ಸೆಂಟ್ರಿಂಗ್ ಅಲಗೆ ಬಿಚ್ಚೋಗಂಟ ಬಿಡಣ್ಣಾ. ಅದಿನೈದು ದಿನ. ಆಮೇಲೆ ಅಲ್ಲಿಗೋಯ್ತೀವಿ. ಅಸಿ ಬಾಣಂತಿ, ಆರು ದಿನದ ಕೂಸು, ಮಳೆ ಬೇರೆ."

"ಅಲ್ನೋಡು, ಮೋರಿ ಪೈಪು ಬಿದ್ದೈತಲ್ಲ? ಅದ್ರಾಗೆ ಮಲಗ್ಸು. ನಿಮ್ಮೋರ್ಗೆ ಅದೇ ಡ್ಯೂಪ್ಲೆಕ್ಸು."

ತನ್ನ ಮಾತಿಗೆ ತಾನೇ ನಕ್ಕ. ಒಳಗೆ ಮಗಳು ಪುಷ್ಪ ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದಳು. "ಅಮ್ಮೋ, ಬಟ್ಟೆ ಮಡಚ್ಲಾ?" ಎಂದಳು.

ಅಷ್ಟರಲ್ಲಿ ಕಾರು ಬಂತು. ಮನೆ ಕೊಳ್ಳಲಿದ್ದ ಆಂಡರ್ಸನ್‌ಪೇಟೆಯ ಟೀಚರ್ ಅರುಣಕುಮಾರಿ ಪುರೋಹಿತರನ್ನು ಕರೆತಂದಿದ್ದರು. ವೆಂಕಟೇಶಪ್ಪ ನನ್ನನ್ನು ಒಳಗೆ ನೂಕಿದ. "ಕೂಸು ಉಸ್ರೆತ್ತಿದ್ರೆ ಕಾಲ್ ಮುರೀತೀನಿ" ಎಂದು ಹಲ್ಲು ಕಡಿದು ಬಾಗಿಲೆಳೆದ. ನಾನು ಬಾಗಿಲಿಗೆ ಕಿವಿಯಿಟ್ಟೆ.

"ಆಷಾಢ ಕಳೆಯೋ ತನಕ ನಾವು ಹೊಸ್ತಿಲು ದಾಟೋದಿಲ್ಲ. ದಿಕ್ಕು ಇಲ್ಲಿಂದಲೇ ನೋಡ್ತೀನಿ" ಎಂದರು ಪುರೋಹಿತರು. "ಒಳಗೆ ಯಾರೂ ವಾಸ ಮಾಡಿಲ್ಲ ತಾನೆ?"

"ರಾಮ ರಾಮ! ಆಕಿದ್ ಬೀಗ ಆಕ್ದಂಗೈತೆ ಸಾಮಿ."

ಕೂಸು ಕಿರ್ರೆಂದಿತು.

"ಅದೇನು ಸದ್ದು?"

"ಬೆಕ್ಕು ಸಾಮಿ. ಮರಿ ಆಕೈತೆ."

"ಬೆಕ್ಕು ಮರಿ ಹಾಕಿದ್ರೆ ಶುಭವೇ!"

ನನಗೆ ತಡೆಯಲಾಗಲಿಲ್ಲ. ಬಾಗಿಲನ್ನು ಹಾರು ಹೊಡೆದೆ. "ಬೆಕ್ಕಲ್ಲ ಸಾಮಿ, ನನ್ ಮಗ್ಳು. ಕೂಸು ಇಲ್ಲೇ ಉಟ್ಟಿದ್ದು, ಆರ್ ದಿನ ಆಯ್ತು. ಬೆಕ್ಕಿಗೇ ಶುಭ ಅಂದ್ರಿ, ನಮ್ಗೂ ಒಂದ್ಮಾತು ಅನ್ರಿ."

"ಪುರುಡು! ಪುರುಡು!" ಎನ್ನುತ್ತ ಪುರೋಹಿತರು ಎರಡು ಮೆಟ್ಟಿಲು ಹಿಂದಕ್ಕೆ ಹಾರಿದರು. ವೆಂಕಟೇಶಪ್ಪ ಎಕ್ಕಡ ಕೈಗೆ ತೆಗೆದುಕೊಂಡು ನುಗ್ಗಿದ.

"ನಿಂತ್ಕೊಳ್ಳಿ! ಒಳಗೆ ಕಾಲಿಟ್ಟರೆ ನಿಮಗೂ ಮೈಲಿಗೆ. ಆಮೇಲೆ ಮುಹೂರ್ತಕ್ಕೆ ನೀವು ಬರೋ ಹಾಗಿಲ್ಲ!" ಎಂದು ಪುರೋಹಿತರು ಕೂಗಿದರು.

ಅವನು ಒಂಟಿ ಕಾಲಿನ ಕೊಕ್ಕರೆಯಂತೆ ನಿಂತ. ಇವರ ಶಾಸ್ತ್ರ ಮೊದಲ ಸಲ ನನ್ನ ಕೈ ಹಿಡಿದಿತ್ತು. ಅದನ್ನು ಇನ್ನೊಂದಿಷ್ಟು ಬಳಸಿಕೊಳ್ಳೋಣ ಎನಿಸಿತು.

ಅಡುಗೆಮನೆ ಬಾಗಿಲಿಗೆ ನೇರಕ್ಕಿತ್ತು. ಬಾಣಂತಿಗೆಂದು ತಂದ ಹಾಲನ್ನು ಒಲೆಯ ಮೇಲಿಟ್ಟೆ. ಹೊಸ ಮನೆಯಲ್ಲಿ ಹಾಲು ಮೊದಲು ಉಕ್ಕಿಸಬೇಕಾದವರು ಮನೆಯೊಡೆಯರು. ಹಿಂದಿನ ಆರು ಮನೆಗಳಲ್ಲೂ ಹಾಲು ಉಕ್ಕದಂತೆ ಸೌಟು ಹಿಡಿದು ಕಾದವಳು ನಾನು. ಯಾರೋ ಸಾಲಸೋಲ ಮಾಡಿ ಕೊಳ್ಳುತ್ತಾರೆ, ಅವರ ಭಾಗ್ಯವನ್ನು ನಾನೇಕೆ ಕದಿಯಲಿ ಎಂದು. ಈ ಸಲ ಸೌಟು ಕೆಳಗಿಟ್ಟೆ.

"ಏಯ್, ಬ್ಯಾಡ ಕಣೇ! ಮುತ್ಯಾಲೀ... ಮುತ್ಯಾಲಮ್ಮಾ!" ಎಂದ ವೆಂಕಟೇಶಪ್ಪ. ಅಮ್ಮ ಎಂದದ್ದು ಏಳು ವರ್ಷದಲ್ಲಿ ಅದೇ ಮೊದಲು.

ಹಾಲು ಎದ್ದು, ತಿರುಗಿ, ಗ್ರಾನೈಟಿನ ಮೇಲೆ ಚೆಲ್ಲಿ ಹರಿಯಿತು. ಕೊರಳು ಚಾಚಿ ನೋಡುತ್ತಿದ್ದ ಪುರೋಹಿತರು, "ಪೂರ್ವಕ್ಕೆ ಉಕ್ಕಿತು! ಬಹಳ ಒಳ್ಳೇದು!" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

ಟೀಚರ್ ಆಗ ಬಾಯಿ ಬಿಟ್ಟರು. ಬಾಣಂತಿಯ ಪರ ಒಂದು ಮಾತು ಬರುತ್ತದೇನೋ ಎಂದುಕೊಂಡೆ.

"ಹಾಗಾದ್ರೆ ಇದು ಸೆಕೆಂಡ್ ಹ್ಯಾಂಡ್ ಮನೆ. ಮೂರು ಲಕ್ಷ ಇಳಿಸಿ."

"ಮೇಡಂ, ಶ್ರಾವಣದ ರೇಟು ಅದು..."

"ಹೆರಿಗೆ ಆಗಿರೋ ರೂಮಿಗೆ ಯಾವ ಶ್ರಾವಣ ರೀ?"

"ಒಂದ್ ಲಕ್ಷ ಬಿಡ್ತೀನಿ. ಸಾಮೀ, ಏನಾರ ಶಾಂತಿ ಗೀಂತಿ ಐತಾ, ಏಳಿ."

"ಇದೆ, ಇದೆ. ಸ್ವಲ್ಪ ಖರ್ಚಾಗುತ್ತೆ."

ಮೂವರೂ ಮಳೆಯಲ್ಲಿ ನೆನೆಯುತ್ತ ಚೌಕಾಸಿಗೆ ಬಿದ್ದರು. ನಾನು ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿ ಪುಷ್ಪಳ ಕೈಗೆ ಕೊಟ್ಟು, ಮಲಗು ಎಂದೆ. ಬಾಗಿಲು ಮುಚ್ಚಿ ಮೇಲಿನದೊಂದು, ಕೆಳಗಿನದೊಂದು, ಎರಡೂ ಚಿಲಕ ಹಾಕಿದೆ.

ಎಕ್ಕಡದ ಏಟು ತೇಗದ ಬಾಗಿಲಿಗೆ ಬಿತ್ತು.

"ತೆಗೀಯೇ! ಪೊಲೀಸ್ನೋರ್ನ ಕರೀತೀನಿ!"

"ಕರ್ಕಂಡ್ಬಾ ಅಣ್ಣಾ," ಎಂದೆ ಒಳಗಿಂದ. "ಸೆಂಟ್ರಿಂಗ್ ಬಿಚ್ಚಿದ್ ದಿನ ಬಾ. ಗೃಹಪ್ರವೇಶಕ್ಕೆ ಬರಿಗೈಲಿ ಬರ್ಬ್ಯಾಡ, ಕೂಸ್ಗೊಂದು ಸ್ವೆಟ್ರು ತತ್ತಾ."