ನಡುಗುವ ತಲೆಕಟ್ಟು

ಸೊಸೆ ಫರ್ಝಾನ ತಾನು ಫಾಂಟ್ ಮಾಡುವ ಆಫೀಸಿನಿಂದ ಪ್ರಿಂಟ್ ಮಾಡಿ ತಂದ ಹಾಳೆಯನ್ನು ಆಸ್ಯಮ್ಮ ಕಿಟಕಿಯ ಬೆಳಕಿಗೆ ಹಿಡಿದರು. ಮೇಲೆ ದಪ್ಪಕ್ಕೆ ಹೊಸ ಫಾಂಟಿನ ಹೆಸರು: ‘ಅಲಿಕುಂಞಿ’. ಕೆಳಗೆ ಕನ್ನಡದ ಅಷ್ಟೂ ಅಕ್ಷರ. ಒಂದೊಂದರ ತಲೆಕಟ್ಟೂ ಚಳಿಜ್ವರ ಬಂದಂತೆ ನಡುಗುತ್ತಿತ್ತು.

ಅಲಿಕುಂಞಿ ಆಸ್ಯಮ್ಮನ ಗಂಡ. ಅರಬ್ ನಾಡಿನ ದೇರಾ ಪೇಟೆಯಲ್ಲಿ ಊರವರ ಅಂಗಡಿಗಳಿಗೆಲ್ಲ ಬೋರ್ಡು ಬರೆದವರು. ಅರಬಿ ಬರೆದು ಪಳಗಿದ ಕೈ; ಚಪ್ಪಟೆ ಬ್ರಷ್ಷನ್ನು ಓರೆ ಹಿಡಿದು ಎಳೆದರೆ ಕನ್ನಡದ ತಲೆಕಟ್ಟು ದಪ್ಪಗೆ ಹೊರಟು ತುದಿಯಲ್ಲಿ ಕೂದಲೆಳೆಯಾಗಿ ನಿಲ್ಲುತ್ತಿತ್ತು. ಗೆರೆ ಚೂರು ಅಲುಗಿದರೂ ಥಿನ್ನರ್ ಬಟ್ಟೆಯಿಂದ ಒರೆಸಿ ಮತ್ತೆ ಬರೆಯುವ ಮನುಷ್ಯ. ಹೋದ ವರ್ಷದಿಂದ ಕೈನಡುಕ. ಸೊಸೆ ಕೇಳಿದಳೆಂದು ಕಷ್ಟಪಟ್ಟು ಅಕ್ಷರಮಾಲೆ ಬರೆದುಕೊಟ್ಟು, “ಅಳತೆಗೆ ಮಾತ್ರ ಆಯ್ತಾ, ಗೆರೆ ನೀನು ಸರಿಮಾಡು” ಎಂದಿದ್ದರು.

ಈಗ ಅವರು ಹಾಳೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡರು. ಬಣ್ಣ ಇನ್ನೂ ಹಸಿಯಾಗಿದೆಯೇನೋ ಎಂಬಂತೆ ‘ಅ’ದ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು.

ಆಸ್ಯಮ್ಮ ಸೊಸೆಯತ್ತ ತಿರುಗಿದರು.

“ಎಂತ ಇದು? ಸರಿಮಾಡ್ತೇನೆ ಅಂತ ಹೇಳಿದ್ದು ನೀನೇ ಅಲ್ವಾ?”

“ಮಾಡಿದ್ದೆ ಮಾಮಿ. ಬಾಸ್ ಬೇಡ ಅಂದ್ರು. ನಡುಕದಲ್ಲೇ ಕ್ಯಾರೆಕ್ಟರ್ ಉಂಟಂತೆ. ಹ್ಯಾಂಡ್‌ಮೇಡ್ ಲುಕ್...”

“ಕಾಯಿಲೆ ಒಂದು ಲುಕ್ಕಾ? ನಾಳೆ ಇವರ ಕೆಮ್ಮು ರೆಕಾರ್ಡ್ ಮಾಡಿ ಹಾಡು ಅಂತ ಮಾರಿ! ಜೀವಮಾನ ಇಡೀ ಒಂದು ಡೊಂಕು ಗೆರೆ ಬೋರ್ಡಿನಲ್ಲಿ ಬಿಟ್ಟವರಲ್ಲ. ಈಗ ಡೊಂಕಿಗೇ ಇವರ ಹೆಸರಾ?”

“ಹಳೇ ಬೋರ್ಡು ಒಂದಾದ್ರೂ ಇದ್ದಿದ್ರೆ ತೋರಿಸ್ತಿದ್ದೆ. ಎಲ್ಲ ಕಿತ್ತು ಎಲ್‌ಇಡಿ ಹಾಕಿದ್ದಾರಲ್ಲ ಮಾಮಿ.”

ಆಸ್ಯಮ್ಮ ಸರಸರನೆ ಅಡುಗೆಮನೆಗೆ ಹೋದರು. ರಂಝಾನಿನಲ್ಲಿ ಕಟ್ಟಡದ ಮನೆಮನೆಗೂ ತಿಂಡಿ ಹೋಗಿಬರುತ್ತದೆ. ಪಾತ್ರೆ ಅದಲುಬದಲಾಗದಿರಲೆಂದು ಎಲ್ಲರೂ ಹಿಂದಿನ ವರ್ಷಗಳಲ್ಲೇ ಅಡಿಯಲ್ಲಿ ಅಲಿಕುಂಞಿಯವರಿಂದ ಎನಾಮಲ್ ಬಣ್ಣದಲ್ಲಿ ಹೆಸರು ಬರೆಸಿಕೊಂಡಿದ್ದರು. ವಾಪಸು ಮಾಡಲು ಮರೆತಿದ್ದ ಪಾತ್ರೆಗಳನ್ನೆಲ್ಲ ತಂದು ಆಸ್ಯಮ್ಮ ಚಾಪೆಯ ಮೇಲೆ ದಡದಡ ಕವುಚಿದರು. ಆಚುಮ್ಮ, ಚೆಲುವಮ್ಮ, ಮಾರ್ಗರೆಟ್. ಒಂದೇ ಉಸಿರಿನಲ್ಲಿ ಎಳೆದ ಗೆರೆಗಳು.

“ಫೋಟೋ ತೆಗಿ. ಮಿಕ್ಕ ಅಕ್ಷರ ಬೇಕಾದ್ರೆ ಮೇಲಿನ ಮನೆಗಳಿಗೆ ಹೋಗಿ ಪಾತ್ರೆ ಮಗುಚಿ ನೋಡು.”

ಫರ್ಝಾನ ಫೋಟೋ ಕಳಿಸಿ, ಬಾಸಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಚೆನ್ನಾಗಿದೆ, ಆದರೆ ಮಾರಾಟವಾಗುವುದು ನಡುಕವೇ ಎಂದು ಆತ ಹಿಂದಿಯಲ್ಲಿ ಹೇಳಿ ನಕ್ಕ.

ಆಸ್ಯಮ್ಮ ಫೋನಿಗೆ ಬಾಗಿದರು. “ಖಲಾಸ್! ನಡುಕ ಬೇಕಾದ್ರೆ ನಿನ್ನ ಹೆಸರು ಹಾಕಿ ಮಾರು. ಇವರ ಹೆಸರು ಮಾಫಿ, ಇಲ್ಲವೇ ಇಲ್ಲ!”

ಕನ್ನಡ ಬಾರದಿದ್ದರೂ ಆತನಿಗೆ ದನಿ ಅರ್ಥವಾಗಿರಬೇಕು. ನಗು ನಿಂತಿತು.

“ಸರ್, ಮಾಮಿ ಹೇಳಿದ್ದೇ ನನ್ನ ಮಾತು ಕೂಡ” ಎಂದು ಫರ್ಝಾನ ಅವನ ಭಾಷೆಯಲ್ಲೇ ಹೇಳಿದಳು. “ನಡುಕ ಇಟ್ಟರೆ ಹೆಸರು ತೆಗೀಬೇಕು. ಇಲ್ಲಾಂದ್ರೆ ಕೆಲಸದಿಂದ ತೆಗೆದು ನನ್ನ ವೀಸಾ ಕ್ಯಾನ್ಸಲ್ ಮಾಡಿ.” ಫೋನಿಟ್ಟಾಗ ಅವಳ ಮುಖ ಬಿಳಿಚಿತ್ತು.

ಅಲಿಕುಂಞಿ ಮಾರ್ಗರೆಟ್‌ಳ ಪಾತ್ರೆಯನ್ನು ಕಣ್ಣಿನ ಹತ್ತಿರ ತಂದು ಹುಬ್ಬು ಗಂಟಿಕ್ಕಿದರು.

“ಇದರ ಫೋಟೋ ಕೊಡ್ಬೇಡ ಮಗಳೇ. ಅರ್ಕಾವೊತ್ತು ಚೂರು ವಾಲಿದೆ. ಆವತ್ತೇ ಒರೆಸ್ತಿದ್ದೆ, ಆ ಮಾರ್ಗರೆಟ್ ಬಾಯಿ, ಬಿರಿಯಾನಿ ತಣೀತದೆ ಅಂತ ಪಾತ್ರೆ ಕಿತ್ಕೊಂಡು ಹೋದ್ಳು!”